ಆಟದ ಅಂಗಳಕ್ಕೂ ಇಜಾರದಾರರೆ?

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹೊಸದೊಂದು ಸುಗ್ಗಿ ಆರಂಭವಾಗಿದೆ. ಕಡಲೆಕಾಯಿಯ ಸುಗ್ಗಿಯಲ್ಲ, ಅದು ಮಳೆರಾಯನ ಕೃಪೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇದು ಲೀಗುಗಳ ಸುಗ್ಗಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಎಲ್ಲಿಗೆ ಹೋದರೂ ಬಸ್‌ಸ್ಟ್ಯಾಂಡಿನ ಎದುರಿಗೆ ಆಳೆತ್ತರದ ಫ್ಲೆಕ್ಸು. ಅದರ ನೆತ್ತಿಯ ಮೇಲೆ ಕೈಮುಗಿದು ನಿಂತ ಮುಖಂಡರು. ನಡುವೆ ಕರಿಕನ್ನಡಕ ಧರಿಸಿದ ‘ತಂಡದ ಮಾಲೀಕರು’. ಎಲ್ಲಕ್ಕಿಂತ ಕೆಳಗೆ, ಅಂಚೆಚೀಟಿಯ ಗಾತ್ರದಲ್ಲಿ, ಬಿಸಿಲಿನಲ್ಲಿ ಓಡಬೇಕಾದ ಹುಡುಗರು. ಆಟಕ್ಕೆ ಮುಂಚೆ ಒಂದು ಸಮಾರಂಭ ನಡೆಯುತ್ತದೆ. ಅದರ ಹೆಸರು ‘ಆಟಗಾರರ ಹರಾಜು’.

ಹರಾಜು! ನಮ್ಮ ಕಡೆಯ ದನದ ಪರಿಷೆಗಳಲ್ಲಿ ದಲ್ಲಾಳಿಯು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿಗೆ ಬೆಲೆ ಕಟ್ಟುತ್ತಾನೆ. ಕೊಳ್ಳುವವನಿಗೂ ಮಾರುವವನಿಗೂ ಹೊರತು ಮೂರನೆಯವನಿಗೆ ಬೆಲೆ ತಿಳಿಯದು. ಇಲ್ಲಿಯಾದರೋ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುವವನ ಮಗನಿಗೆ ಮೈಕಿನಲ್ಲಿ ಬೆಲೆ ಕೂಗುತ್ತಾರೆ, ಮತ್ತು ಎರಡು ಸಾವಿರಕ್ಕೂ ಯಾರೂ ಕೈ ಎತ್ತದೆ ಉಳಿದ ಹುಡುಗ ಅದೇ ಮೈಕಿನ ಮುಂದೆ ತಲೆ ತಗ್ಗಿಸಿ ನಿಂತಿರುತ್ತಾನೆ. ಎತ್ತಿಗಿದ್ದ ಮರ್ಯಾದೆ ಈ ಹುಡುಗನಿಗಿಲ್ಲ.

ಇದನ್ನು ನಾವು ಪ್ರಶ್ನಿಸಿದರೆ ಈ ಮಹಾಶಯರು ಕೊಡುವ ಉತ್ತರ ಸಿದ್ಧವಾಗಿಯೇ ಇದೆ. “ಮಾಲೀಕನಿಲ್ಲದೆ ಆಟ ಬೆಳೆಯದು, ಸ್ವಾಮಿ. ಯೂರೋಪನ್ನು ನೋಡಿ. ಅಲ್ಲಿ ಕ್ಲಬ್ಬುಗಳು ಕೋಟಿಗಟ್ಟಲೆ ವ್ಯವಹಾರ ಮಾಡುತ್ತವೆ. ನಿಮ್ಮ ಸಂಘ, ಚಂದಾ, ಸಭೆ, ಇವೆಲ್ಲ ಹಳೆಯ ಕಾಲದ ಮಾತು.” ಬಹಳ ಸಂತೋಷ. ಯೂರೋಪನ್ನೇ ನೋಡೋಣ. ಕ್ರಿಕೆಟ್ಟನ್ನು ಬಿಟ್ಟು, ನಮ್ಮ ಕಡೆ ಅಷ್ಟಾಗಿ ಬಳಕೆಯಿಲ್ಲದ ಬಾಸ್ಕೆಟ್‌ಬಾಲ್ ಆಟವನ್ನೇ ಹಿಡಿಯೋಣ. ಬಳಕೆಯಿಲ್ಲದ ವಸ್ತುವಿನಲ್ಲಿ ಅಭಿಮಾನ ಅಡ್ಡ ಬರುವುದಿಲ್ಲ. ಲೆಕ್ಕ ನೇರವಾಗಿ ಕಾಣುತ್ತದೆ. (1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮದ ಮೇಷ್ಟರು, ಚಳಿಗಾಲದಲ್ಲಿ ಹುಡುಗರನ್ನು ಒಳಗೇ ಆಡಿಸಲೆಂದು ಹಣ್ಣಿನ ಪುಟ್ಟಿಗಳನ್ನು ಗೋಡೆಗೆ ಬಡಿಸಿ ಹುಟ್ಟಿಸಿದ ಆಟವಿದು. ಡ್ರಿಲ್ ಮೇಷ್ಟರೊಬ್ಬರು ಹುಟ್ಟಿಸಿದ್ದೆಂಬ ಕಾರಣಕ್ಕೆ, ಒಮ್ಮೆ ಸೀಮೆಸುಣ್ಣ ಹಿಡಿದಿದ್ದ ನಮಗೆ ಅದರ ಮೇಲೆ ಕೊಂಚ ಮಮಕಾರವೂ ಉಂಟು.)

ಸ್ಪೇನ್ ದೇಶದಲ್ಲಿ ಬಾರ್ಸಿಲೋನಾ ನಗರಕ್ಕೆ ಅಂಟಿಕೊಂಡಂತೆ, ಸಮುದ್ರದ ಅಂಚಿನಲ್ಲಿ, ಬಡಲೋನಾ ಎಂಬ ಕಾರ್ಖಾನೆಯ ಊರಿದೆ. 1930ರಲ್ಲಿ ಅಲ್ಲಿನ ಗೆಳೆಯರು ಸೇರಿ ಆಟಕ್ಕೊಂದು ಕೂಟ ಕಟ್ಟಿದರು. ಮುಂದೆ ಅದಕ್ಕೆ ‘ಜೋವೆಂತುತ್’, ಎಂದರೆ ‘ಯೌವನ’, ಎಂಬ ಹೆಸರಾಯಿತು. ಆದರೆ ಊರಿನ ಜನ ಇಂದಿಗೂ ಅದನ್ನು ಕರೆಯುವುದು ‘ಲಾ ಪೆನ್ಯ’ ಎಂದೇ. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಗೆಳೆಯರ ಗುಂಪು’. ಆ ಗುಂಪಿಗೆ ಮಾಲೀಕನಿರಲಿಲ್ಲ, ಸದಸ್ಯರಿದ್ದರು. ಅದು ಆರು ವರ್ಷದ ಕೂಸಾಗಿದ್ದಾಗ ಸ್ಪೇನಿನಲ್ಲಿ ಅಂತರ್ಯುದ್ಧ ಸಿಡಿಯಿತು. 1939ರಲ್ಲಿ ಫ್ರಾಂಕೋ ಎಂಬ ಸರ್ವಾಧಿಕಾರಿ ಗೆದ್ದು, ಆ ಸೀಮೆಯ ಕಟಲಾನ್ ಭಾಷೆಯ ಮೇಲೆಯೇ ಕತ್ತಿ ಬೀಸಿದ. ಕ್ಲಬ್ಬಿನ ಹೆಸರನ್ನೂ ಮ್ಯಾಡ್ರಿಡ್ಡಿನ ಭಾಷೆಗೆ ತಿರುಗಿಸಬೇಕಾಯಿತು. ಹೆಸರು ಬದಲಾದರೂ ಗುಂಪು ಚದುರಲಿಲ್ಲ. 1957ರಲ್ಲಿ ಸ್ಪೇನಿನ ರಾಷ್ಟ್ರೀಯ ಲೀಗ್ ಆರಂಭವಾದಾಗ ಅದರಲ್ಲಿ ಸೇರಿದ ಈ ತಂಡ, ಅಂದಿನಿಂದ ಒಮ್ಮೆಯೂ ಕೆಳದರ್ಜೆಗೆ ಇಳಿದಿಲ್ಲ. 1967, 1978, 1991, 1992, ಈ ನಾಲ್ಕು ಸಲ ದೇಶವನ್ನೇ ಗೆದ್ದಿತು. 1994ರಲ್ಲಿ ಟೆಲ್ ಅವೀವ್ ನಗರದಲ್ಲಿ ಗ್ರೀಸ್ ದೇಶದ ಒಲಿಂಪಿಯಾಕೋಸ್ ತಂಡವನ್ನು 59-57ರಿಂದ ಸೋಲಿಸಿ ಇಡೀ ಯೂರೋಪಿಗೆ ಚಾಂಪಿಯನ್ ಆಯಿತು. ನೆರೆಯ ಬಾರ್ಸಿಲೋನಾದ ಶ್ರೀಮಂತ ಕ್ಲಬ್ಬಿಗೆ ಆ ಪಟ್ಟ ಅದುವರೆಗೆ ದಕ್ಕಿರಲಿಲ್ಲ ಎಂಬುದನ್ನೂ ವಾಚಕರು ಗಮನಿಸಬೇಕು.

ಇನ್ನೊಂದು ಉದಾಹರಣೆ ನಮಗೆ ಇದಕ್ಕಿಂತಲೂ ಹತ್ತಿರದ್ದು. 1948ರಲ್ಲಿ ಮ್ಯಾಡ್ರಿಡ್ಡಿನ ರಮೀರೋ ದೆ ಮಾಯೆಸ್ತು ಎಂಬ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿಗಳು ಒಂದು ತಂಡ ಮಾಡಿದರು. ಹೆಸರು ‘ಎಸ್ತುದಿಯಾಂತೆಸ್’, ‘ವಿದ್ಯಾರ್ಥಿಗಳು’ ಎಂದಷ್ಟೇ ಅರ್ಥ. ಶಾಲೆಯ ಅಂಗಳದಲ್ಲಿ ಹುಟ್ಟಿದ ಆ ತಂಡ 2021ರವರೆಗೆ ಒಂದು ವರ್ಷವೂ ತಪ್ಪದೆ ದೇಶದ ಮೇಲ್ದರ್ಜೆಯ ಲೀಗಿನಲ್ಲಿ ಆಡಿತು. ಒಂದು ಶಾಲೆಯ ಅಂಗಳ! ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದರೆ ನಮ್ಮ ಈ ನಾಲ್ಕು ತಾಲ್ಲೂಕುಗಳೇ ತಾನೆ. ಇಲ್ಲಿ ಶಾಲೆಗಳಿಗೆ ಬರವೆ, ಅಂಗಳಗಳಿಗೆ ಬರವೆ?

ಹಾಗಾದರೆ ಮಾಲೀಕರು ಬಂದದ್ದು ಯಾವಾಗ? ಕ್ಲಬ್ಬು ಬೆಳೆದ ಮೇಲೆ. ಇದನ್ನು ನಮ್ಮ ಫ್ಲೆಕ್ಸಿನ ಮಹನೀಯರು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. 1990ರಲ್ಲಿ ಸ್ಪೇನ್ ಸರ್ಕಾರ ಒಂದು ಕ್ರೀಡಾ ಕಾನೂನು ಮಾಡಿತು. ಸಂಬಳದ ಆಟಗಾರರನ್ನಿಟ್ಟುಕೊಂಡ ಕ್ಲಬ್ಬುಗಳೆಲ್ಲ ಷೇರು ಕಂಪನಿಗಳಾಗಬೇಕೆಂದು ಅಪ್ಪಣೆ ಮಾಡಿತು. ಕ್ಲಬ್ಬುಗಳ ಸಾಲ ಮಿತಿ ಮೀರಿದೆ, ಕಂಪನಿಯಾದರೆ ಲೆಕ್ಕ ನೆಟ್ಟಗಾಗುತ್ತದೆ ಎಂಬುದು ಅವರು ಹೇಳಿದ ಕಾರಣ. ಲೆಕ್ಕ ಸರಿಯಿದ್ದ ನಾಲ್ಕೇ ನಾಲ್ಕು ಕ್ಲಬ್ಬುಗಳಿಗೆ ವಿನಾಯಿತಿ ಸಿಕ್ಕಿತು: ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಅಥ್ಲೆಟಿಕ್ ಬಿಲ್ಬಾವೋ, ಒಸಾಸುನಾ. ಈಗ ತಮಾಷೆ ನೋಡಿ. ‘ಮಾಲೀಕರಿದ್ದರೇ ಆಟ’ ಎಂದು ನಮ್ಮವರು ಯಾವ ಯೂರೋಪನ್ನು ತೋರಿಸುತ್ತಾರೋ, ಆ ಯೂರೋಪಿನ ಅತಿ ದೊಡ್ಡ ಹೆಸರುಗಳಾದ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾಗಳಿಗೆ ಇಂದಿಗೂ ಮಾಲೀಕನಿಲ್ಲ! ಅವುಗಳ ಫುಟ್ಬಾಲ್ ತಂಡವೂ ಬಾಸ್ಕೆಟ್‌ಬಾಲ್ ತಂಡವೂ ಚಂದಾ ಕೊಡುವ ಸದಸ್ಯರ ಸೊತ್ತು. ಅಧ್ಯಕ್ಷನನ್ನು ಸದಸ್ಯರು ಮತ ಹಾಕಿ ಆರಿಸುತ್ತಾರೆ. ಬಾರ್ಸಿಲೋನಾಕ್ಕೆ ಇಂಥ ಸದಸ್ಯರು ಲಕ್ಷಕ್ಕೂ ಮೀರಿ ಇದ್ದಾರೆ.

ಸದಸ್ಯರ ಕ್ಲಬ್ಬು ಎಂದ ಮಾತ್ರಕ್ಕೆ ಅದು ರಾಮರಾಜ್ಯವೆಂದು ನಾವು ಹೇಳುತ್ತಿಲ್ಲ. ಬಾರ್ಸಿಲೋನಾ 2021ರಲ್ಲಿ ನೂರು ಕೋಟಿ ಯೂರೋಗಳಿಗೂ ಮೀರಿದ ಸಾಲದಲ್ಲಿ ಮುಳುಗಿತ್ತು. ಮ್ಯಾಡ್ರಿಡ್ಡಿನಲ್ಲಿ ಅಧ್ಯಕ್ಷ ಪದವಿಗೆ ನಿಲ್ಲಬೇಕಾದರೆ ಇಪ್ಪತ್ತು ವರ್ಷ ಸದಸ್ಯನಾಗಿರಬೇಕು, ಮೇಲಾಗಿ ಕ್ಲಬ್ಬಿನ ವಾರ್ಷಿಕ ಖರ್ಚಿನ ನೂರಕ್ಕೆ ಹದಿನೈದು ಪಾಲಿನಷ್ಟು ಬ್ಯಾಂಕ್ ಖಾತರಿಯನ್ನು ಸ್ವಂತ ಬಲದಿಂದ ತೋರಿಸಬೇಕು. ಎಂದರೆ ಮತ ಹಾಕಲು ಟ್ಯಾಕ್ಸಿ ಓಡಿಸುವವನೂ ಬರಬಹುದು, ಗಾದಿಯ ಮೇಲೆ ಕೂರಲು ಮಾತ್ರ ಕೋಟ್ಯಧಿಪತಿಯೇ ಬರಬೇಕು. ಬೈಲಾಗಳ ಒಳಗೆ ಧಣಿಗಳು ಹೇಗೆ ನುಸುಳುತ್ತಾರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಆದರೂ ಸಾಲ ಮಾಡಿದ ಅಧ್ಯಕ್ಷನನ್ನು ಸದಸ್ಯರು ಇಳಿಸಬಲ್ಲರು. ಮಾಲೀಕನನ್ನು ಇಳಿಸುವವರು ಯಾರು?

ಷೇರು ಕಂಪನಿಯಾದಮೇಲೂ ಧನಿಕರ ಹಸಿವು ಇಂಗಲಿಲ್ಲ. 2000ದಲ್ಲಿ ಯೂರೋಪಿನ ದೊಡ್ಡ ಬಾಸ್ಕೆಟ್‌ಬಾಲ್ ಕ್ಲಬ್ಬುಗಳು ಅಂತರರಾಷ್ಟ್ರೀಯ ಫೆಡರೇಶನ್ನಿನ ಹಿಡಿತದಿಂದ ಸಿಡಿದುಹೋಗಿ ತಮ್ಮದೇ ‘ಯೂರೋಲೀಗ್’ ಕಟ್ಟಿಕೊಂಡವು. 2015ರಲ್ಲಿ ಆ ಯೂರೋಲೀಗು ಐ.ಎಂ.ಜಿ. ಎಂಬ ಕ್ರೀಡಾ ವ್ಯಾಪಾರದ ಕಂಪನಿಯೊಡನೆ ಹತ್ತು ವರ್ಷಗಳ ಕರಾರು ಮಾಡಿಕೊಂಡಿತು. 2016ರಿಂದ ಹನ್ನೊಂದು ಕ್ಲಬ್ಬುಗಳಿಗೆ ದೀರ್ಘಾವಧಿಯ ಪರವಾನಗಿ. ಅವು ಸೋತರೂ ಒಳಗೆ, ಗೆದ್ದರೂ ಒಳಗೆ. ಉಳಿದವರು ಬಾಗಿಲ ಬಳಿ ಕಾಯಬೇಕು. 1994ರಲ್ಲಿ ಟೆಲ್ ಅವೀವ್‌ನಲ್ಲಿ ಸೋತ ಒಲಿಂಪಿಯಾಕೋಸ್ ಆ ಹನ್ನೊಂದರಲ್ಲಿ ಇತ್ತು. ಗೆದ್ದ ಬಡಲೋನಾ ಇರಲಿಲ್ಲ. ಪರೀಕ್ಷೆಯಲ್ಲಿ ಪಾಸಾದ ಹುಡುಗನನ್ನು ಹೊರಗೆ ನಿಲ್ಲಿಸಿ, ಫೇಲಾದವನಿಗೆ ಅಪ್ಪನ ಆಸ್ತಿ ನೋಡಿ ಮುಂದಿನ ತರಗತಿಗೆ ಬಡ್ತಿ ಕೊಟ್ಟಂತಾಯಿತು. ಇದಕ್ಕೆ ಅವರು ‘ಸ್ಪರ್ಧೆ’ ಎನ್ನುತ್ತಾರೆ!

ಐ.ಎಂ.ಜಿ.ಯ ಹೆಸರನ್ನು ನೆನಪಿನಲ್ಲಿಡಿ. ಅದೇ ಕಂಪನಿ ಯೂರೋಪಿಗೆ ಐದು ವರ್ಷ ಮುಂಚೆಯೇ ನಮ್ಮ ಹಿತ್ತಲಿಗೆ ಬಂದಿತ್ತು. 2010ರಲ್ಲಿ ರಿಲಯನ್ಸಿನ ಜತೆಗೂಡಿ ಭಾರತದ ಬಾಸ್ಕೆಟ್‌ಬಾಲ್ ಫೆಡರೇಶನ್ನಿನೊಡನೆ 30 ವರ್ಷಗಳ ಕರಾರು ಮಾಡಿಕೊಂಡಿತು; ಅದೇ ವರ್ಷದ ಡಿಸೆಂಬರಿನಲ್ಲಿ ಫುಟ್ಬಾಲ್ ಫೆಡರೇಶನ್ನಿನೊಡನೆ 700 ಕೋಟಿ ರೂಪಾಯಿಗೆ 15 ವರ್ಷಗಳ ಕರಾರು. ಶಿರಾದವರಿಗೆ ಇದನ್ನು ವಿವರಿಸಿ ಹೇಳಬೇಕಾದ್ದಿಲ್ಲ. 1687ರ ತರುವಾಯ ಶಿರಾ ಮೊಗಲರ ಸುಬಾ ಆಗಿದ್ದ ಊರು. ಆ ಕಾಲದ ಆಡಳಿತಗಳಲ್ಲಿ ಇಜಾರ ಎಂಬ ಪದ್ಧತಿ ಇತ್ತು. ಸರ್ಕಾರಕ್ಕೆ ಇಂತಿಷ್ಟು ಹಣವೆಂದು ಮುಂಗಡ ಮಾತಾಡಿಕೊಂಡವನು ಸೀಮೆಯ ಕಂದಾಯವನ್ನೆಲ್ಲ ತನ್ನ ಇಷ್ಟದಂತೆ ಸುಲಿದುಕೊಳ್ಳಬಹುದು. ಉತ್ತವನು ಯಾರು, ಬಿತ್ತಿದವನು ಯಾರು, ಇಜಾರದಾರನಿಗೆ ಬೇಕಿಲ್ಲ. ಈಗಿನವರು ‘ಫ್ರಾಂಚೈಸಿ’ ಎನ್ನುವುದೂ ಅದೇ ಇಜಾರವನ್ನೇ.

ಮೂವತ್ತು ವರ್ಷದ ಬಾಸ್ಕೆಟ್‌ಬಾಲ್ ಇಜಾರದಿಂದ ದೇಶಕ್ಕೆ ಏನು ಬಂತು? ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳೋಣ: ಪಂಜಾಬಿನ ರೈತನ ಮಗ ಸತ್ನಾಮ್ ಸಿಂಗ್ ಭಮಾರಾ ಅದೇ ಏರ್ಪಾಡಿನಲ್ಲಿ ಅಮೆರಿಕಕ್ಕೆ ಹೋಗಿ ಕಲಿತು 2015ರಲ್ಲಿ ಅಲ್ಲಿನ ಎನ್.ಬಿ.ಎ.ಗೆ ಆಯ್ಕೆಯಾದ. ಆದರೆ ಭರವಸೆ ಕೊಟ್ಟ ದೇಶದ ಲೀಗು ಆ ಕಂಪನಿಯಿಂದ ಹುಟ್ಟಲೇ ಇಲ್ಲ. ಬೇರೆ ಉದ್ಯಮಿಗಳು 2015ರಲ್ಲಿ ಯು.ಬಿ.ಎ. ಎಂಬ ಲೀಗು ನಡೆಸಿದರು; ಅದರಲ್ಲಿ ‘ಬೆಂಗಳೂರು ಬೀಸ್ಟ್’ ಎಂಬ ತಂಡ. ಬೀಸ್ಟ್ ಎಂದರೆ ಮೃಗ. ಬೆಂಗಳೂರಿನ ಹೆಸರಿಗೆ ಇದಕ್ಕಿಂತ ಮರ್ಯಾದೆಯ ಪದ ಅವರಿಗೆ ಸಿಗಲಿಲ್ಲ! 2017ರ ಹೊತ್ತಿಗೆ ಆ ಲೀಗು ನಿಂತಿತು, ಮೃಗವೂ ಮಾಯವಾಯಿತು. 2022ರಲ್ಲಿ ಮತ್ತೊಂದು ಲೀಗು, ಈ ಸಲ ‘ಬೆಂಗಳೂರು ಕಿಂಗ್ಸ್’. ಮೃಗ ಹೋಗಿ ರಾಜ ಬಂದ. ಬಡಲೋನಾದ ಗೆಳೆಯರ ಗುಂಪು ಯುದ್ಧ, ಸರ್ವಾಧಿಕಾರ, ಸಾಲ ಎಲ್ಲವನ್ನೂ ದಾಟಿ ತೊಂಬತ್ತು ವರ್ಷ ಬಾಳಿತು. ನಮ್ಮ ಬೆಂಗಳೂರಿನ ಮಾಲೀಕ ತಂಡ ಮೂರು ವರ್ಷ ಬಾಳಲಿಲ್ಲ. ಯಾಕೆ? ಬಡಲೋನಾದ ತಂಡ ಆಡುವುದನ್ನು ನಿಲ್ಲಿಸಿದರೆ ಸಾವಿರಾರು ಮನೆಗಳಲ್ಲಿ ಸೂತಕ. ಬೀಸ್ಟ್ ನಿಂತಾಗ ಬೆಂಗಳೂರಿನ ಯಾವ ಬೀದಿಯಲ್ಲಿ ಯಾರು ಕಣ್ಣೀರು ಹಾಕಿದರು?

ಬಾಸ್ಕೆಟ್‌ಬಾಲಿನ ಮಾತು ಅಷ್ಟಕ್ಕೆ ಸಾಕು. ಫುಟ್ಬಾಲಿನ ಕತೆ ಇದಕ್ಕಿಂತ ದೊಡ್ಡದು, ಅದರಲ್ಲಿ ನಮ್ಮ ಶ್ರಮಜೀವಿಗಳ ಬೆವರು ಹೆಚ್ಚು ಹರಿದಿದೆ.

1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಪಲ್ಟಣಗಳ ಪಿತ್ರಾರ್ಜಿತದಂತಿದ್ದ ಆ ಕಪ್ಪನ್ನು ಮೊಟ್ಟಮೊದಲು ಕಿತ್ತುಕೊಂಡ ಭಾರತೀಯ ತಂಡ ಅದು. ಮರುವರ್ಷ ಮತ್ತೆ ಗೆದ್ದಿತು, 1948ರಲ್ಲಿ ಮತ್ತೊಮ್ಮೆ. ದಂಡಿನ ಪ್ರದೇಶದ ಗೌತಮಪುರ, ಹಲಸೂರಿನ ಗಲ್ಲಿಗಳಲ್ಲಿ ಬರಿಗಾಲಲ್ಲಿ ಚೆಂಡು ಒದ್ದ ಹುಡುಗರು ಒಲಿಂಪಿಕ್ಸ್ ಮೆಟ್ಟಿಲೇರಿದರು. ಮೈಸೂರು ರಾಜ್ಯದ ಎಂ. ಕೆಂಪಯ್ಯನವರು 1956ರಲ್ಲಿ ಮೆಲ್ಬರ್ನಿನಲ್ಲಿ, 1960ರಲ್ಲಿ ರೋಮಿನಲ್ಲಿ ದೇಶಕ್ಕಾಗಿ ಆಡಿದರು. ಮೆಲ್ಬರ್ನಿನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿತು, ಕೊನೆಯದು 1968-69ರಲ್ಲಿ. ಆಮೇಲೆ? ಆಮೇಲೆ 54 ವರ್ಷ ಕಾಯಬೇಕಾಯಿತು. 2023ರಲ್ಲಿ, ಅದೂ ಸೌದಿ ಅರೇಬಿಯಾದ ರಿಯಾದಿನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿತು.

ಆ ನಡುವಿನ ದಶಕಗಳಲ್ಲಿ ಆಟವನ್ನು ಹೊತ್ತವರು ಸಾರ್ವಜನಿಕ ಕಾರ್ಖಾನೆಗಳ ಕೆಲಸಗಾರರು. 1948ರಲ್ಲಿ ಸ್ಥಾಪಿತವಾದ ಟೆಲಿಫೋನ್ ಕಾರ್ಖಾನೆ ಐ.ಟಿ.ಐ.ಯ ತಂಡ, 1977ರಲ್ಲಿ ನಡೆದ ಮೊಟ್ಟಮೊದಲ ಫೆಡರೇಶನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಕಲ್ಕತ್ತೆಯ ಪ್ರಚಂಡ ಮೋಹನ್ ಬಾಗಾನನ್ನು 1-0ಯಿಂದ ಉರುಳಿಸಿತು. ಟೆಲಿಫೋನು ಜೋಡಿಸುವವರು! ಎಚ್.ಎ.ಎಲ್. ತಂಡವೂ ರಾಷ್ಟ್ರೀಯ ಲೀಗಿನಲ್ಲಿ ಆಡಿತು. ಈ ಆಟಗಾರರಿಗೆ ಕೋಟಿ ಸಿಗಲಿಲ್ಲ. ಆದರೆ ಕೆಲಸವಿತ್ತು, ಪ್ರಾವಿಡೆಂಟ್ ಫಂಡಿತ್ತು, ಮೊಣಕಾಲು ಮುರಿದರೆ ಆಸ್ಪತ್ರೆಯಿತ್ತು, ಮೂವತ್ತೈದಕ್ಕೆ ಆಟ ನಿಂತರೆ ಮಿಕ್ಕ ಇಪ್ಪತ್ತಮೂರು ವರ್ಷ ಹಾಜರಿ ಪುಸ್ತಕದಲ್ಲಿ ಹೆಸರಿತ್ತು.

2012ರಲ್ಲಿ ಎಚ್.ಎ.ಎಲ್. ಲೀಗಿನಿಂದ ಕೆಳಗಿಳಿಯಿತು. ಮರುವರ್ಷ ಜೆ.ಎಸ್.ಡಬ್ಲ್ಯೂ. ಎಂಬ ಉಕ್ಕಿನ ಕಂಪನಿ ಬಿಡ್ ಸಲ್ಲಿಸಿ ‘ನೇರ ಪ್ರವೇಶ’ ಪಡೆದು ಬೆಂಗಳೂರು ಎಫ್.ಸಿ. ಕಟ್ಟಿತು. ಕೆಳಗಿನ ಮೆಟ್ಟಿಲುಗಳನ್ನು ಹತ್ತುವ ಗೋಜೇ ಇಲ್ಲ. ತಂಡ ಚೆನ್ನಾಗಿ ಆಡಿತೆಂಬುದನ್ನು ಹೇಳದಿದ್ದರೆ ನಾವು ಸುಳ್ಳರಾಗುತ್ತೇವೆ: ಮೊದಲ ವರ್ಷವೇ ದೇಶದ ಚಾಂಪಿಯನ್, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬು. ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಸಾವಿರಾರು ಯುವಕರು ನೀಲಿ ಅಂಗಿ ತೊಟ್ಟು ಕೂಗಿದರು. ಆ ಕೂಗು ನಿಜ, ಆ ಪ್ರೀತಿ ನಿಜ. ಆದರೆ ಕೂಗಿದವನಿಗೆ ಒಂದು ಮತವೂ ಇಲ್ಲ. 2025ರಲ್ಲಿ ಹದಿನೈದು ವರ್ಷದ ಇಜಾರದ ಅವಧಿ ಮುಗಿಯಲು ಬಂದಾಗ ಲೀಗು ನಡೆಸುವ ಕಂಪನಿ ಹೊಸ ಹಂಗಾಮನ್ನು ತಡೆಹಿಡಿಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿದ್ದಾಗಿ ಸಾರಿತು. ಬಂಧುಗಳೇ, ಮಿಲ್ಲಿನ ಗೇಟಿನ ಮೇಲೆ ಬೀಗಮುದ್ರೆಯ ನೋಟೀಸು ಓದಿ ಅಭ್ಯಾಸವಿರುವ ನಿಮಗೆ ಆ ಭಾಷೆ ಪರಿಚಿತವಲ್ಲವೆ? ಷರ್ಟಿನ ಬಣ್ಣ ನೀಲಿಯಾದರೇನು, ಖಾಕಿಯಾದರೇನು, ಲಾಕೌಟು ಲಾಕೌಟೇ.

“ಸರಿ, ನಿಮ್ಮ ಸರ್ಕಾರಿ ಕಾರ್ಖಾನೆಗಳ ತಂಡಗಳು ಏನಾದವು?” ಎಂದು ಎದುರಾಳಿ ಕೇಳುತ್ತಾನೆ. ಕೇಳಬೇಕಾದ ಪ್ರಶ್ನೆಯೇ. ಅವೂ ಸದಸ್ಯರ ಕ್ಲಬ್ಬುಗಳಾಗಿರಲಿಲ್ಲ. ಮ್ಯಾನೇಜ್‌ಮೆಂಟಿನ ಕೃಪೆಯಲ್ಲಿ ಇದ್ದವು. ದಿಲ್ಲಿಯಲ್ಲಿ ನೀತಿ ಬದಲಾಯಿತು, ಕಾರ್ಖಾನೆ ಸೊರಗಿತು, ಅದರೊಡನೆ ಆಟವೂ ಸೊರಗಿತು. ನಮ್ಮ ತುಮಕೂರಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯನ್ನೇ ನೋಡಿ: ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು, ಜಾಗ ಇಸ್ರೋ ಪಾಲಾಯಿತು. ವಿಜಯಾ ಬ್ಯಾಂಕಿಗೆ ಹೆಸರಾಂತ ಬಾಸ್ಕೆಟ್‌ಬಾಲ್ ತಂಡವಿತ್ತು. ಮಂಗಳೂರು ಬಂಟರು 1931ರಲ್ಲಿ ಕಟ್ಟಿದ ಆ ಬ್ಯಾಂಕೇ 2019ರ ಏಪ್ರಿಲ್ 1ರಂದು ಬರೋಡಾ ಬ್ಯಾಂಕಿನ ಹೊಟ್ಟೆ ಸೇರಿತು. ಇದರಿಂದ ನಾವು ಕಲಿಯಬೇಕಾದ್ದು ಖಾಸಗಿ ಧಣಿಯನ್ನು ಕರೆತನ್ನಿ ಎಂದಲ್ಲ. ದಿಲ್ಲಿಯ ಧಣಿಗೂ ಮುಂಬಯಿಯ ಧಣಿಗೂ ಕಿತ್ತುಕೊಳ್ಳಲು ಸಿಗದಂತೆ ಊರವರೇ ಹಿಡಿದಿಟ್ಟುಕೊಳ್ಳಬೇಕು ಎಂದು.

ಕ್ರಿಕೆಟ್ಟಿನ ಬಗ್ಗೆ ಬರೆಯದಿದ್ದರೆ ಅಂಜಿದರೆಂದು ತಿಳಿದಾರು. 2008ರಲ್ಲಿ ಹೆಂಡದ ದೊರೆ ವಿಜಯ ಮಲ್ಯ 11 ಕೋಟಿ 16 ಲಕ್ಷ ಡಾಲರಿಗೆ ಬೆಂಗಳೂರಿನ ತಂಡವನ್ನು ಕೊಂಡು ಅದಕ್ಕೆ ವಿಸ್ಕಿಯ ಹೆಸರಿಟ್ಟರು. ಆಮೇಲೆ ಅವರು ದೇಶ ಬಿಟ್ಟರು, ತಂಡ ಅವರ ಹೆಂಡದ ಕಂಪನಿಯೊಡನೆ ವಿಲಾಯತಿಯ ಡಿಯಾಜಿಯೋ ಕೈಗೆ ಹೋಯಿತು. ಹದಿನೇಳು ವರ್ಷ ಕಾದ ಜನ 2025ರ ಜೂನ್ 3ರ ರಾತ್ರಿ ಗೆದ್ದಾಗ ಬೀದಿಗಿಳಿದು ಕುಣಿದರು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಯಾರು? ಬಹುತೇಕ ಇಪ್ಪತ್ತು, ಇಪ್ಪತ್ತೈದರ ಮಕ್ಕಳು. ಅದೇ ನವೆಂಬರಿನಲ್ಲಿ ಕಂಪನಿ ಆ ತಂಡದಲ್ಲಿನ ತನ್ನ ಬಂಡವಾಳದ ‘ಮರುಪರಿಶೀಲನೆ’ ಆರಂಭಿಸಿದ್ದಾಗಿ ಷೇರುಪೇಟೆಗೆ ಕಾಗದ ಬರೆಯಿತು. ಸತ್ತವರು ‘ನಮ್ಮ ತಂಡ’ ಎಂದು ಕೂಗುತ್ತಲೇ ಸತ್ತರು. ಅದು ಅವರ ತಂಡ ಎಂದಾಗಿತ್ತು, ಸ್ವಾಮಿ?

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ತುಮಕೂರು ತಾಲ್ಲೂಕಿನ ಸೋರೆಕುಂಟೆಯಲ್ಲಿ ಸುಮಾರು 41 ಎಕರೆಯಲ್ಲಿ ಕ್ರಿಕೆಟ್ ಕ್ರೀಡಾಂಗಣಕ್ಕೆ 2024ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. ಆಗಲಿ. ಆದರೆ ಹೋಬಳಿ ಮಟ್ಟದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಶೈಕ್ಷಣಿಕ ಜಿಲ್ಲೆಗೆ ಗೆದ್ದುಕೊಂಡು ಬರುವ ನಮ್ಮ ಕಬಡ್ಡಿ, ಖೋ ಖೋ ಮಕ್ಕಳಿಗೆ ಹತ್ತನೇ ತರಗತಿ ಮುಗಿದ ಮೇಲೆ ಎಷ್ಟು ಎಕರೆ ಇದೆ? ಗಂಡುಹುಡುಗ ಹೇಗೋ ಹಬ್ಬದ ಪಂದ್ಯಗಳಲ್ಲಿ ಆಡಿಕೊಳ್ಳುತ್ತಾನೆ. ಹೆಣ್ಣುಮಗಳ ಆಟ ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನಕ್ಕೆ ಮುಗಿಯಿತು. ಅವಳನ್ನು ಹರಾಜಿನಲ್ಲಿ ಕೂಗುವವರೂ ಇಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಗಂಡಸರ ತಂಡವೂ ಹೆಂಗಸರ ತಂಡವೂ ಗೆದ್ದವು. ಅವುಗಳಲ್ಲಿದ್ದ ಕರ್ನಾಟಕದ ಬಿ. ಚೈತ್ರಾ ಮತ್ತು ಎಂ.ಕೆ. ಗೌತಮ್‌ಗೆ ನಮ್ಮ ಸರ್ಕಾರ ತಲಾ 5 ಲಕ್ಷ ಘೋಷಿಸಿದಾಗ ಇಬ್ಬರೂ ಬೇಡವೆಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗೆ ಮೀರಿದ ಹಣವನ್ನೂ ಸರ್ಕಾರಿ ಕೆಲಸವನ್ನೂ ಕೊಟ್ಟಿತ್ತು. ಬೇಡವೆನ್ನುವ ಆ ಧೈರ್ಯಕ್ಕೆ ನಮ್ಮ ನಮಸ್ಕಾರ.

ಹಣವೆಲ್ಲಿದೆ ಎಂದು ಕೇಳುವವರಿಗೆ ಪಾವಗಡದ ತಿರುಮಣಿಯ ಕಡೆ ಬೆರಳು ತೋರಿಸುತ್ತೇವೆ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕು. ರೈತನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಆರಂಭವಾಯಿತು. ಹೊಲವಿಲ್ಲದ ಕೂಲಿಯವನ ಪಾಲಿಗೆ ಆ ಬಾಡಿಗೆಯೂ ಇಲ್ಲ. 2013ರ ಕಂಪನಿ ಕಾನೂನಿನ 135ನೇ ಸೆಕ್ಷನ್ನಿನಂತೆ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಅದರ ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆಗಳ ತರಬೇತಿಯ ಹೆಸರು ಸ್ಪಷ್ಟವಾಗಿದೆ. ಇದು ದಾನವಲ್ಲ, ಧರ್ಮವಲ್ಲ, ಕಾನೂನಿನ ಋಣ. ಋಣ ತೀರಿಸುವವನ ಹೆಸರನ್ನು ಮೈದಾನದ ಹೆಬ್ಬಾಗಿಲ ಮೇಲೆ ಕೆತ್ತಿಸಬೇಕಾದ ಅಗತ್ಯ ಯಾರಿಗೂ ಇಲ್ಲ.

ಸಣ್ಣ ವ್ಯಾಪಾರಿ ಮಿತ್ರರಿಗೆ ಒಂದು ಮಾತು. ಲೀಗಿನವರು ನಿಮ್ಮ ಅಂಗಡಿಗೆ ಬಂದು ರಸೀದಿ ಪುಸ್ತಕ ಚಾಚಿದಾಗ ಐನೂರೋ ಸಾವಿರವೋ ಕೊಟ್ಟು ಕಳಿಸುತ್ತೀರಿ. ಕೊಡದಿದ್ದರೆ ಮುಖಂಡರ ಮುನಿಸು. ವರ್ಷದ ಕೊನೆಗೆ ಆ ಹಣದ ಲೆಕ್ಕ ಕೇಳಿದವರುಂಟೆ? ಅದೇ ಹಣವನ್ನು ಸದಸ್ಯ ಚಂದಾ ಎಂದು ಕೊಟ್ಟರೆ ಲೆಕ್ಕ ಕೇಳುವ ಹಕ್ಕು ನಿಮ್ಮದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಏಳು ಜನ ಸೇರಿದರೆ ಒಂದು ಸಂಘ ನೋಂದಾಯಿಸಬಹುದು. ಕಿರಾಣಿ ಅಂಗಡಿಯವರೊಬ್ಬರು, ಮಿಲ್ಲಿನ ಹಮಾಲಿಯೊಬ್ಬರು, ಡ್ರಿಲ್ ಮೇಷ್ಟರೊಬ್ಬರು, ಆಡುವ ಹುಡುಗರಿಬ್ಬರು, ಹುಡುಗಿಯರಿಬ್ಬರು: ಏಳಾಯಿತಲ್ಲ! ಒಬ್ಬನಿಗೆ ಒಂದೇ ಮತ, ಸಾವಿರ ಕೊಟ್ಟವನಿಗೂ ಹತ್ತು ಕೊಟ್ಟವನಿಗೂ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕ ತಪಾಸಣೆ. ಮತ್ತು ಮ್ಯಾಡ್ರಿಡ್ಡಿನ ಪಾಠ ಮರೆಯದೆ, ಅಧ್ಯಕ್ಷನಾಗಲು ಬ್ಯಾಂಕ್ ಖಾತರಿ ಕೇಳುವ ಬೈಲಾ ಮಾತ್ರ ಬೇಡ.

“ಸಂಘ ಎಂದರೆ ಜಗಳ, ನಮ್ಮ ಜನಕ್ಕೆ ಲೆಕ್ಕ ಬಾರದು” ಎನ್ನುವ ಬುದ್ಧಿವಂತರು ಬೆಳಗಿನ ಆರು ಗಂಟೆಗೆ ಯಾವುದಾದರೂ ಹಳ್ಳಿಯ ಡೈರಿಯ ಮುಂದೆ ನಿಂತು ನೋಡಲಿ. ತುಮುಲ್‌ಗೆ ಹಾಲು ಹಾಕುವ ಹೆಂಗಸು ಅರ್ಧ ಲೀಟರಿನ ಫ್ಯಾಟು, ಡಿಗ್ರಿ, ಬಟವಾಡೆಯ ದಿನ ಎಲ್ಲವನ್ನೂ ಬಾಯಲ್ಲೇ ಹೇಳುತ್ತಾಳೆ. ಗದಗದ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಬಡಲೋನಾದ ಗೆಳೆಯರ ಗುಂಪಿಗಿಂತ 25 ವರ್ಷ ಮುಂಚೆ. ಹಾಲಿನ ಲೆಕ್ಕ ಬರುವವರಿಗೆ ಚೆಂಡಿನ ಲೆಕ್ಕ ಬಾರದೆ?

1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಎದ್ದಾಗ ಧಣಿಗಳು ಇದೇ ಮಾತು ಹೇಳಿದ್ದರು: ಒಡೆಯನಿಲ್ಲದೆ ಹೊಲ ಬೆಳೆಯದು ಎಂದು. ಲೋಹಿಯಾ ಅಲ್ಲಿ ಬಂಧನಕ್ಕೊಳಗಾದರು, ಗೋಪಾಲಗೌಡರು ಸೆರೆಮನೆ ಕಂಡರು. 1974ರಲ್ಲಿ ಗೇಣಿ ಪದ್ಧತಿಯೇ ಕಾನೂನಿನಿಂದ ಅಳಿಯಿತು. ಹೊಲ ಪಾಳು ಬಿತ್ತೆ?

ಈ ಲೇಖನ ಅಚ್ಚಾಗುವ ವಾರ ನಾಲ್ಕು ತಾಲ್ಲೂಕುಗಳ ನಮ್ಮ ಓದುಗರು ಮಾಡಬೇಕಾದ್ದು ಇಷ್ಟು. ನಿಮ್ಮ ಊರಿನ ಆಟದ ಮೈದಾನದ ಸರ್ವೆ ನಂಬರು ಯಾವುದು, ಪಹಣಿಯಲ್ಲಿ ಅದು ಯಾರ ಹೆಸರಿನಲ್ಲಿದೆ, ಶಾಲೆಯದೋ, ಪಂಚಾಯತಿಯದೋ, ಗೋಮಾಳವೋ, ಎಂಬುದನ್ನು ಗ್ರಾಮಲೆಕ್ಕಿಗರಲ್ಲಿ ಕೇಳಿ ಬರೆದುಕೊಳ್ಳಿ. ಎಷ್ಟು ಗುಂಟೆ ಒತ್ತುವರಿಯಾಗಿದೆ ಎಂಬುದನ್ನೂ ಕೇಳಿ. ಆ ಚೀಟಿಯನ್ನು ಹಿಡಿದು ಗ್ರಾಮಸಭೆಗೆ ಹೋಗಿ, ಮೈದಾನವನ್ನು ಯಾವ ವ್ಯಕ್ತಿಗೂ ಕಂಪನಿಗೂ ಗುತ್ತಿಗೆ ಕೊಡಕೂಡದೆಂದು ನಿರ್ಣಯ ಬರೆಸಿ, ನಡಾವಳಿಯ ನಕಲನ್ನು ಅಂದೇ ಸಹಿ ಮಾಡಿಸಿ ಪಡೆದುಕೊಳ್ಳಿ.